ಮಿದುಳಿನ ರಕ್ತಸ್ರಾವ: ತೊಡಕುಗಳನ್ನು ಹೆಚ್ಚಿಸುವ ಅಪಾಯಾಂಶಗಳು

ತಲೆಬುರುಡೆಯೊಳಗಿನ ರಕ್ತನಾಳ ಒಡೆದು ಮಿದುಳಿನ ತಿರುಳಿನೊಳಕ್ಕೋ ಅದರ ಪೊರೆಗಳ ನಡುವಿಗೋ ರಕ್ತ ನುಗ್ಗುವ ಸ್ಥಿತಿಗೆ ಮಿದುಳಿನ ರಕ್ತಸ್ರಾವ ಎಂದು ಹೆಸರು. ತಲೆಗೆ ಪೆಟ್ಟು ಬಿದ್ದು ಆಗುವ ಸ್ರಾವ ಒಂದು ಬಗೆ, ಪೆಟ್ಟಿಲ್ಲದೆ ತಾನಾಗಿ ಆಗುವುದು ಇನ್ನೊಂದು. ತಾನಾಗಿ ಆಗುವುದರಲ್ಲಿ ಹೆಚ್ಚಿನ ಪಾಲು ಮಿದುಳಿನ ತಿರುಳಿನೊಳಗೇ ಆಗುತ್ತದೆ; ಈ ಲೇಖನದ ಮುಖ್ಯ ವಿಷಯ ಅದೇ. ಊರಿನಲ್ಲಿ ‘ಲಕ್ವ ಹೊಡೆಯಿತು’ ಎನ್ನುವ ಕಾಯಿಲೆಯಲ್ಲಿ ಬಹುಪಾಲು ರಕ್ತನಾಳ ಕಟ್ಟಿಕೊಂಡು ಆಗುವಂಥದ್ದು. ಆದರೂ ಜಗತ್ತಿನಲ್ಲಿ ಹೊಸದಾಗಿ ಲಕ್ವಕ್ಕೆ ತುತ್ತಾಗುವವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಈ ಸ್ರಾವವೇ ಕಾರಣ, ಮತ್ತು ಅವರಲ್ಲಿ ಸುಮಾರು ಶೇ. 40ರಷ್ಟು ಜನ ಒಂದು ತಿಂಗಳೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಬೇರೆಯವರ ನೆರವಿಲ್ಲದೆ ಬದುಕು ನಡೆಸುವಷ್ಟು ಚೇತರಿಸಿಕೊಳ್ಳುವವರು ಕಡಿಮೆ. 1980ರಿಂದ ಸುಮಾರು ಮೂರು ದಶಕಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಸಾವಿನ ಪ್ರಮಾಣ ಇಳಿದದ್ದು ಕಾಣಲಿಲ್ಲ. ಹೀಗಾಗಿ ನಾಳ ಒಡೆದ ಗಳಿಗೆಯಲ್ಲೇ ಎಲ್ಲವೂ ತೀರ್ಮಾನವಾಗಿಹೋಯಿತು, ಇನ್ನು ಮಾಡುವುದೇನೂ ಇಲ್ಲ ಎಂಬ ನಂಬಿಕೆ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಬೇರೂರಿದೆ. ಲಭ್ಯವಿರುವ ಪುರಾವೆ ಆ ನಂಬಿಕೆಗೆ ಅರ್ಧದಷ್ಟೇ ಬಲ ಕೊಡುತ್ತದೆ. ತೊಡಕುಗಳನ್ನು ತರುವ ಅಂಶಗಳಲ್ಲಿ ಕೆಲವು ರೋಗಿ ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ಸ್ಥಿರವಾಗಿಬಿಟ್ಟಿರುತ್ತವೆ. ಉಳಿದವು ಇನ್ನೂ ಬದಲಾಗುತ್ತಿರುತ್ತವೆ, ಬದಲಿಸಲೂ ಬರುತ್ತವೆ. ಮೊದಲನೆಯವನ್ನು ಅಳೆಯುವುದರಲ್ಲಿ ವೈದ್ಯಶಾಸ್ತ್ರ ತೋರಿದ ಶ್ರದ್ಧೆಯನ್ನು ಎರಡನೆಯವನ್ನು ತಿದ್ದುವುದರಲ್ಲಿ ಬಹುಕಾಲ ತೋರಲಿಲ್ಲ.

ಈ ವ್ಯತ್ಯಾಸ ಏಕೆ ಮುಖ್ಯ ಎಂಬುದು ಸ್ರಾವದ ಒಳಗತಿಯನ್ನು ನೋಡಿದರೆ ತಿಳಿಯುತ್ತದೆ. ಬೆಳೆದವರ ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಮಿದುಳು, ರಕ್ತ, ಮಿದುಳುದ್ರವ ಈ ಮೂರಕ್ಕೇ ಜಾಗ. ಒಂದು ಹೆಚ್ಚಾದರೆ ಮತ್ತೊಂದು ಕಡಿಮೆಯಾಗಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲೂ ಜಾರ್ಜ್ ಕೆಲ್ಲಿ 1824ರಲ್ಲೂ ಮಂಡಿಸಿದ ಈ ಸರಳ ತತ್ವ ಇಂದಿಗೂ ನಿಂತಿದೆ. ಸೋರಿದ ರಕ್ತ ಹೆಪ್ಪುಗಟ್ಟಿ ಗಡ್ಡೆಯಾದಾಗ ಮೊದಮೊದಲು ದ್ರವವೂ ಸಿರೆಗಳಲ್ಲಿನ ರಕ್ತವೂ ಹೊರಗೆ ಸರಿದು ಜಾಗ ಬಿಡುತ್ತವೆ. ಆ ಅವಕಾಶ ಮುಗಿದ ಮೇಲೆ ಗಡ್ಡೆ ಕೆಲವೇ ಮಿಲಿಲೀಟರ್ ಬೆಳೆದರೂ ಒತ್ತಡ ಒಮ್ಮೆಲೇ ಏರಿ ಮಿದುಳುಕಾಂಡ ಅದುಮಿಹೋಗುತ್ತದೆ. ಗಡ್ಡೆ ಬೆಳೆಯುವ ಬಗೆಗೂ ವಿವರಣೆ ಇದೆ. ಕೆನಡಾ ಮೂಲದ ನರರೋಗ ತಜ್ಞ ಮಿಲ್ಲರ್ ಫಿಶರ್ 1971ರಲ್ಲಿ ಹೇಳಿದಂತೆ, ಮೊದಲು ಒಡೆದ ನಾಳದಿಂದ ಹರಿದ ರಕ್ತ ಸುತ್ತಲಿನ ಸಣ್ಣ ನಾಳಗಳನ್ನು ಎಳೆದು ಹರಿಯುತ್ತದೆ, ಅವೂ ಸೋರತೊಡಗುತ್ತವೆ. ಎಂದರೆ ಸ್ರಾವ ಒಂದು ಗಳಿಗೆಯಲ್ಲಿ ಮುಗಿಯುವ ಘಟನೆಯಲ್ಲ, ಗಂಟೆಗಟ್ಟಲೆ ಮುಂದುವರಿಯಬಲ್ಲದು. ಥಾಮಸ್ ಬ್ರಾಟ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಅಳೆದು ತೋರಿಸಿದರು. ಲಕ್ಷಣ ಶುರುವಾದ ಮೂರು ಗಂಟೆಯೊಳಗೆ ಮೊದಲ ಸಿ.ಟಿ. ಸ್ಕ್ಯಾನ್ ಆದವರಲ್ಲಿ ಶೇ. 26 ಮಂದಿಯ ಗಡ್ಡೆ ಮುಂದಿನ ಒಂದೇ ಗಂಟೆಯಲ್ಲಿ ಗಣನೀಯವಾಗಿ ದೊಡ್ಡದಾಗಿತ್ತು. 20 ಗಂಟೆಯೊಳಗೆ ಇನ್ನೂ ಶೇ. 12 ಮಂದಿಯಲ್ಲಿ ಬೆಳೆದಿತ್ತು. ಗಡ್ಡೆ ಶೇ. 10ರಷ್ಟು ಹಿಗ್ಗಿದಾಗಲೆಲ್ಲ ಸಾವಿನ ಅಪಾಯ ಸುಮಾರು ಶೇ. 5ರಷ್ಟು ಏರುತ್ತದೆಂದು 2006ರ ವಿಶ್ಲೇಷಣೆಯೊಂದು ಕಂಡುಕೊಂಡಿತು. ಮುಂದೆ ಹೇಳುವ ತೊಡಕುಗಳಿಗೆಲ್ಲ ಈ ಗಂಟೆಗಳೇ ಹಿನ್ನೆಲೆ.

ಸ್ಥಿರವಾದ ಅಂಶಗಳ ಲೆಕ್ಕ ಚೆನ್ನಾಗಿ ಗೊತ್ತಿದೆ. 1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳನ್ನು ಚಿತ್ರಿಸುವವರೆಗೂ ಬದುಕಿರುವ ಮನುಷ್ಯನ ತಲೆಯೊಳಗಿನ ರಕ್ತಗಡ್ಡೆಯ ಗಾತ್ರವನ್ನು ನೇರವಾಗಿ ನೋಡಿ ತಿಳಿಯುವ ದಾರಿ ಇರಲಿಲ್ಲ. ಯಂತ್ರ ಬಂದ ಮೇಲೆ ಗಾತ್ರವೇ ಎಲ್ಲಕ್ಕಿಂತ ಬಲವಾದ ಮುನ್ಸೂಚಕ ಎಂದು ಗೊತ್ತಾಯಿತು. 1993ರ ಅಧ್ಯಯನವೊಂದರಲ್ಲಿ ಗಡ್ಡೆ 60 ಮಿ.ಲೀ.ಗೂ ಮೀರಿ, ಪ್ರಜ್ಞೆಯ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಅಂಕ 8 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 91 ಮಂದಿ ಒಂದು ತಿಂಗಳೊಳಗೆ ತೀರಿಕೊಂಡರು. ಗಡ್ಡೆ 30 ಮಿ.ಲೀ.ಗಿಂತ ಸಣ್ಣದಾಗಿ ಅಂಕ 9 ಅಥವಾ ಹೆಚ್ಚಿದ್ದವರಲ್ಲಿ ಶೇ. 19. 2001ರಲ್ಲಿ ಕ್ಯಾಲಿಫೋರ್ನಿಯಾದ ಕ್ಲೌಡ್ ಹೆಂಫಿಲ್ ಮತ್ತು ಸಂಗಡಿಗರು ಐದು ಅಂಶಗಳನ್ನು ಜೋಡಿಸಿ ಸೊನ್ನೆಯಿಂದ ಆರರವರೆಗಿನ ಒಂದು ಅಂಕಪಟ್ಟಿ ಮಾಡಿದರು: ಪ್ರಜ್ಞೆಯ ಮಟ್ಟ, 30 ಮಿ.ಲೀ. ಅಥವಾ ಹೆಚ್ಚಿನ ಗಾತ್ರ, ಮಿದುಳುದ್ರವ ತುಂಬಿರುವ ಮಿದುಳಿನ ಕುಹರಗಳೊಳಗೆ ರಕ್ತ ಇಳಿದಿರುವುದು, ಸ್ರಾವ ಮಿದುಳುಕಾಂಡ ಅಥವಾ ಕಿರುಮಿದುಳಿನಲ್ಲಿ ಆಗಿರುವುದು, 80 ದಾಟಿದ ವಯಸ್ಸು. ಹಾಸಿಗೆಯ ಪಕ್ಕದಲ್ಲೇ ಒಂದು ನಿಮಿಷದಲ್ಲಿ ಲೆಕ್ಕಹಾಕಬಹುದಾದ ಈ ಪಟ್ಟಿ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಅವರ ಮೂಲ ಗುಂಪಿನಲ್ಲಿ ಒಂದು ಅಂಕ ಪಡೆದವರಲ್ಲಿ ಶೇ. 13, ಮೂರು ಪಡೆದವರಲ್ಲಿ ಶೇ. 72 ಮಂದಿ ತಿಂಗಳೊಳಗೆ ಸತ್ತಿದ್ದರು. ಗಮನಿಸಬೇಕಾದ್ದೇನೆಂದರೆ ಈ ಐದರಲ್ಲಿ ಚಿಕಿತ್ಸೆಯ ಪ್ರಸ್ತಾಪವೇ ಇಲ್ಲ. ಬಿ.ಪಿ. ಎಷ್ಟು ಬೇಗ ಇಳಿಯಿತು, ರಕ್ತ ತೆಳು ಮಾಡುವ ಮಾತ್ರೆಯ ಪ್ರಭಾವವನ್ನು ಅಳಿಸಿದರೋ ಇಲ್ಲವೋ, ಜ್ವರ ಬಂದಾಗ ಯಾರಾದರೂ ನೋಡಿದರೋ ಎಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ. ಕಾಯಿಲೆ ಎಷ್ಟು ತೀವ್ರ ಎಂಬುದನ್ನು ವೈದ್ಯರು ಒಂದೇ ಭಾಷೆಯಲ್ಲಿ ಮಾತಾಡಿಕೊಳ್ಳಲೆಂದು ಮಾಡಿದ ಸಾಧನ ಅದು. ಅದನ್ನೇ ಭವಿಷ್ಯದ ತೀರ್ಪೆಂದು ಓದಿದಾಗ ಏನಾಗುತ್ತದೆ ಎಂಬುದನ್ನು ಮುಂದೆ ನೋಡಬಹುದು.

ನಾಳ ಏಕೆ ಒಡೆಯಿತು ಎಂಬುದು ತೊಡಕಿನ ಸ್ವರೂಪವನ್ನೂ ನಿರ್ಧರಿಸುತ್ತದೆ. ವರ್ಷಗಟ್ಟಲೆ ಹತೋಟಿಯಿಲ್ಲದ ಬಿ.ಪಿ. ಮಿದುಳಿನ ಆಳಕ್ಕೆ ಹೋಗುವ ಸೂಕ್ಷ್ಮ ಅಪಧಮನಿಗಳ ಗೋಡೆಯನ್ನು ಜರ್ಜರಗೊಳಿಸುತ್ತದೆ. ಅದರಿಂದಾಗುವ ಸ್ರಾವ ಪುಟಾಮೆನ್, ಥಲಾಮಸ್ ಎಂಬ ಆಳದ ಭಾಗಗಳಲ್ಲಿ, ಮಿದುಳುಕಾಂಡ, ಕಿರುಮಿದುಳುಗಳಲ್ಲಿ ಹೆಚ್ಚು. ಈ ಜಾಗಗಳಲ್ಲಿ ಕೆಲವು ಕುಹರಗಳಿಗೆ ಅಂಟಿಕೊಂಡಂತಿರುವುದರಿಂದ ರಕ್ತ ಒಳಗಿಳಿದು ಮಿದುಳುದ್ರವದ ದಾರಿ ಮುಚ್ಚುವ ಅಪಾಯವೂ ಹೆಚ್ಚು. ಇನ್ನೊಂದು ಕಾರಣ ವಯಸ್ಸಾದವರಲ್ಲಿ ಮಿದುಳಿನ ಮೇಲ್ಪದರದ ನಾಳಗಳ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಶೇಖರವಾಗುವುದು. ಅದರ ಸ್ರಾವ ಹೊರಭಾಗದ ಹಾಲೆಗಳಲ್ಲಿ ಆಗುತ್ತದೆ, ಆ ಕ್ಷಣದ ಸಾವಿಗಿಂತ ಮತ್ತೆ ಮತ್ತೆ ಮರುಕಳಿಸುವುದು ಅದರ ದೊಡ್ಡ ಭಯ. ಎರಡರಲ್ಲಿ ಬಿ.ಪಿ.ಯ ಪಾತ್ರ ಜಗತ್ತಿಗೆ ಗೊತ್ತಾದದ್ದು ನಿಧಾನವಾಗಿ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಎಂದು ಹೇಳಿ ಕುಸಿದರು, ಅದೇ ದಿನ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆಗ ಅವರ ಬಿ.ಪಿ. 300/190 ಇತ್ತು; ಅದಕ್ಕೆ ಒಂದು ವರ್ಷ ಮೊದಲೇ ಅದು 186/108 ಎಂದು ದಾಖಲಾಗಿತ್ತು, ಅದನ್ನು ಪರಿಣಾಮಕಾರಿಯಾಗಿ ಇಳಿಸುವ ಮಾತ್ರೆ ಆಗಿನ ವೈದ್ಯರ ಬಳಿ ಇರಲಿಲ್ಲ. ಇಂದು ಆ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರೂ ಪಾಲ್ಗೊಂಡ ಇಂಟರ್‌ಸ್ಟ್ರೋಕ್ ಎಂಬ ಬಹುರಾಷ್ಟ್ರೀಯ ಅಧ್ಯಯನ ಲಕ್ವದ ಸುಮಾರು ಶೇ. 90ರಷ್ಟು ಹೊರೆ ಹತ್ತು ತಿದ್ದಬಹುದಾದ ಅಂಶಗಳಿಗೆ ಸೇರುತ್ತದೆಂದು ತೋರಿಸಿತು. ಅವುಗಳಲ್ಲಿ ಬಿ.ಪಿ.ಯ ನಂಟು ನಾಳ ಕಟ್ಟಿಕೊಳ್ಳುವ ಲಕ್ವಕ್ಕಿಂತ ರಕ್ತಸ್ರಾವದ ಜೊತೆಗೇ ಹೆಚ್ಚು ಬಲವಾಗಿತ್ತು.

ಬದಲಾಗುತ್ತಿರುವ ಅಂಶಗಳ ಪೈಕಿ ಮೊದಲಿಗೆ ಬರುವುದು ರಕ್ತದ ಹೆಪ್ಪುಗಟ್ಟುವ ಶಕ್ತಿ. ಗಡ್ಡೆ ಯಾರಲ್ಲಿ ಬೆಳೆಯುತ್ತದೆ ಎಂದು ತಿಳಿಯಲು ಐದು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಕಲೆಹಾಕಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆ ನಾಲ್ಕೇ ಸಂಗತಿಗಳನ್ನು ಎತ್ತಿ ತೋರಿಸಿತು: ಲಕ್ಷಣ ಶುರುವಾಗಿ ಸ್ಕ್ಯಾನಿಗೆ ಎಷ್ಟು ಹೊತ್ತಾಗಿದೆ, ಮೊದಲ ಸ್ಕ್ಯಾನಿನಲ್ಲಿ ಗಡ್ಡೆ ಎಷ್ಟಿತ್ತು, ರೋಗಿ ಆಸ್ಪಿರಿನ್ ಬಗೆಯ ಔಷಧ ತೆಗೆದುಕೊಳ್ಳುತ್ತಿದ್ದರೇ, ರಕ್ತ ತೆಳು ಮಾಡುವ ವಾರ್ಫರಿನ್ ಬಗೆಯದನ್ನು ತೆಗೆದುಕೊಳ್ಳುತ್ತಿದ್ದರೇ. ನಾಳಕ್ಕೆ ಬಣ್ಣದ ದ್ರವ ಹರಿಸಿ ತೆಗೆಯುವ ವಿಶೇಷ ಸ್ಕ್ಯಾನಿನಲ್ಲಿ ಕಾಣುವ ಸೋರಿಕೆಯ ಬಿಳಿ ಚುಕ್ಕೆಯನ್ನು ಸೇರಿಸಿದಾಗಲೂ ಅಂದಾಜು ಬಹಳವೇನೂ ಸುಧಾರಿಸಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಈ ನಾಲ್ಕೂ ಸಂಗತಿಗಳನ್ನು ಸಿ.ಟಿ. ಯಂತ್ರವಿರುವ ಯಾವುದೇ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ನೋಡಿ ತಿಳಿಯಬಹುದು. ಮನೆಯವರು ರೋಗಿಯ ಮಾತ್ರೆಗಳ ಚೀಟಿಯನ್ನು ಜೊತೆಗೆ ತಂದರೆ ಅರ್ಧ ಕೆಲಸ ಮುಗಿದಂತೆ. ವಾರ್ಫರಿನ್ ತೆಗೆದುಕೊಳ್ಳುವವರ ಬಗ್ಗೆ 2015ರಲ್ಲಿ ಬಂದ ಜರ್ಮನಿಯ ದೊಡ್ಡ ಅಧ್ಯಯನದಲ್ಲಿ, ನಾಲ್ಕು ಗಂಟೆಯೊಳಗೆ ಹೆಪ್ಪುಗಟ್ಟುವಿಕೆಯ ಸೂಚ್ಯಂಕವಾದ ಐ.ಎನ್.ಆರ್. 1.3ಕ್ಕಿಂತ ಕೆಳಗಿಳಿದು ಮೇಲಿನ ಬಿ.ಪಿ. 160ಕ್ಕಿಂತ ಕಡಿಮೆಯಾದವರಲ್ಲಿ ಗಡ್ಡೆ ಬೆಳೆದದ್ದು ಶೇ. 18 ಮಂದಿಗೆ, ಹಾಗೆ ಆಗದವರಲ್ಲಿ ಶೇ. 44 ಮಂದಿಗೆ. ಇದನ್ನು ಸಾಧಿಸುವ ಮಾರ್ಗದ ಬಗ್ಗೆಯೂ ಪುರಾವೆ ಇದೆ. ಹೆಪ್ಪುಗಟ್ಟುವ ಅಂಶಗಳ ಸಾಂದ್ರ ಚುಚ್ಚುಮದ್ದು ಮೂರು ಗಂಟೆಯಲ್ಲಿ ಐ.ಎನ್.ಆರ್. ಅನ್ನು ಸರಿಪಡಿಸಿದ್ದು ಶೇ. 67 ರೋಗಿಗಳಲ್ಲಿ, ಪ್ಲಾಸ್ಮಾ ಕೊಟ್ಟಾಗ ಶೇ. 9 ರೋಗಿಗಳಲ್ಲಿ ಮಾತ್ರ. ವಿಟಮಿನ್ ಕೆ ಜೊತೆಗಿರಬೇಕು, ಆದರೆ ಅದೊಂದೇ ಸಾಕಾಗುವಷ್ಟು ವೇಗ ಅದಕ್ಕಿಲ್ಲ. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರಿಗೆ ಪ್ಲೇಟ್‌ಲೆಟ್ ಏರಿಸುವುದು ತರ್ಕಕ್ಕೆ ಸರಿ ಎನಿಸಿದರೂ 2016ರ ಪ್ರಯೋಗದಲ್ಲಿ ಅದು ಸಾವು ಮತ್ತು ಅಂಗವೈಕಲ್ಯವನ್ನು ಹೆಚ್ಚಿಸಿತು. ತಿದ್ದಬಹುದಾದದ್ದನ್ನು ತಿದ್ದಬೇಕು ಎಂಬ ವಾದಕ್ಕೆ ಇದೊಂದು ಎಚ್ಚರಿಕೆ: ತಿದ್ದುವ ವಿಧಾನಕ್ಕೂ ಪರೀಕ್ಷೆ ಬೇಕು.

ಇಸ್ರೇಲಿನ ಪ್ರಧಾನಿ ಏರಿಯಲ್ ಶರೋನ್ ಅವರ ಪ್ರಕರಣ ಎರಡು ಅಂಶಗಳು ಒಬ್ಬರಲ್ಲೇ ಸೇರಿದಾಗ ಏನಾಗಬಹುದು ಎಂಬ ಚರ್ಚೆಯನ್ನು ಜಗತ್ತಿನ ಮುಂದಿಟ್ಟಿತು. 2005ರ ಡಿಸೆಂಬರಿನಲ್ಲಿ ಅವರಿಗೆ ನಾಳ ಕಟ್ಟಿಕೊಂಡು ಸಣ್ಣ ಲಕ್ವವಾಯಿತು, ರಕ್ತ ತೆಳು ಮಾಡುವ ಚುಚ್ಚುಮದ್ದು ಶುರುವಾಯಿತು. 2006ರ ಜನವರಿ 4ರಂದು ಭಾರೀ ರಕ್ತಸ್ರಾವವಾಯಿತು. ಅಮಿಲಾಯ್ಡ್ ಶೇಖರಣೆಯೂ ಇತ್ತೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಎಂಟು ವರ್ಷ ಎಚ್ಚರವಿಲ್ಲದೆ ಇದ್ದು ಅವರು 2014ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಹಳ್ಳಿಗಳಲ್ಲಿ ಹೆಪ್ಪುಗಟ್ಟುವಿಕೆ ಕೆಡುವ ಇನ್ನೊಂದು ದಾರಿಯೂ ಇದೆ, ಪಾಶ್ಚಾತ್ಯ ಪಟ್ಟಿಗಳಲ್ಲಿ ಅದರ ಹೆಸರು ಅಪರೂಪ. ಕೊಳಕುಮಂಡಲ ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ಅಂಶಗಳನ್ನು ಬರಿದು ಮಾಡುತ್ತದೆ, ಕೆಲವರಲ್ಲಿ ಮಿದುಳಿನೊಳಗೂ ಸ್ರಾವವಾಗುತ್ತದೆ. ಒಣ ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪಾಯಿತೇ ಎಂದು ನೋಡುವ ಪರೀಕ್ಷೆಗೆ ಯಂತ್ರವೇ ಬೇಕಿಲ್ಲ. ಹೆಪ್ಪಾಗದಿದ್ದರೆ ಪ್ರತಿವಿಷವೇ ಚಿಕಿತ್ಸೆ. ಗದ್ದೆಯಲ್ಲಿ ಹಾವು ಕಚ್ಚಿದವರು ಮಂತ್ರ, ನಾಟಿ ಮದ್ದು ಎಂದು ಕಳೆಯುವ ಗಂಟೆಗಳು ಇಲ್ಲಿ ನೇರವಾಗಿ ಅಪಾಯದ ಲೆಕ್ಕಕ್ಕೆ ಸೇರುತ್ತವೆ.

ಬದಲಾಗುತ್ತಿರುವ ಅಂಶಗಳಲ್ಲಿ ಎರಡನೆಯದು ಸ್ರಾವ ಆದ ಮೇಲಿನ ಬಿ.ಪಿ. ನಾಳ ಒಡೆದವರಲ್ಲಿ ಬಹುತೇಕರ ಬಿ.ಪಿ. ಏರಿರುತ್ತದೆ, ಏರಿದಷ್ಟೂ ಫಲಿತಾಂಶ ಕೆಟ್ಟದಾಗಿರುತ್ತದೆ. ಅದನ್ನು ಇಳಿಸಿದರೆ ಗಡ್ಡೆಯ ಸುತ್ತಲಿನ ಮಿದುಳಿಗೆ ರಕ್ತ ಸಾಲದೇ ಹೋದೀತೆಂದು ಬಹುಕಾಲ ಹೆದರಿದ್ದರು. 2013ರಲ್ಲಿ 2,839 ರೋಗಿಗಳ ಇಂಟರಾಕ್ಟ್-2 ಪ್ರಯೋಗ ಮೇಲಿನ ಬಿ.ಪಿ.ಯನ್ನು ಒಂದು ಗಂಟೆಯೊಳಗೆ 140ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟುಕೊಂಡಿತು. ಸಾವು ಅಥವಾ ತೀವ್ರ ವೈಕಲ್ಯ ಆ ಗುಂಪಿನಲ್ಲಿ ಶೇ. 52, 180ರ ಗುರಿಯಿದ್ದ ಗುಂಪಿನಲ್ಲಿ ಶೇ. 55.6. ಸಂಖ್ಯಾಶಾಸ್ತ್ರದ ಗೆರೆಯನ್ನು ಈ ವ್ಯತ್ಯಾಸ ಕೂದಲೆಳೆಯಷ್ಟರಲ್ಲಿ ಮುಟ್ಟದೆ ಹೋಯಿತು. ವೈಕಲ್ಯದ ಎಲ್ಲ ಹಂತಗಳನ್ನೂ ಒಟ್ಟಾಗಿ ನೋಡಿದಾಗ ಮಾತ್ರ ಲಾಭ ಕಂಡಿತು. ಮೂರು ವರ್ಷದ ನಂತರ ಬಂದ ಅಟ್ಯಾಕ್-2 ಪ್ರಯೋಗ ಇನ್ನೂ ಕೆಳಗೆ, 110ರಿಂದ 139ರ ನಡುವೆ, ಇಳಿಸಿ ನೋಡಿತು. ಲಾಭ ಸಿಗಲಿಲ್ಲ, ಮೂತ್ರಪಿಂಡದ ತೊಂದರೆ ಹೆಚ್ಚಾಯಿತು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ತಿಳಿಯುವುದು ಇಷ್ಟು: ಏರಿದ ಬಿ.ಪಿ. ಅಪಾಯಾಂಶ, ಅತಿಯಾಗಿ ಇಳಿಸಿದ ಬಿ.ಪಿ.ಯೂ ಅಪಾಯಾಂಶ, ಏರುತ್ತ ಇಳಿಯುತ್ತ ತೊಯ್ದಾಡುವ ಬಿ.ಪಿ. ಮೂರನೆಯದು. ಆದ್ದರಿಂದಲೇ 2022ರ ಅಮೆರಿಕನ್ ಮಾರ್ಗಸೂಚಿ 140ರ ಗುರಿಯಿಟ್ಟು 130ರಿಂದ 150ರ ನಡುವೆ ಅದನ್ನು ನಿಲ್ಲಿಸಬೇಕೆಂದೂ 130ಕ್ಕಿಂತ ಕೆಳಗೆ ಇಳಿಸಬಾರದೆಂದೂ ಹೇಳುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ತಿದ್ದಬಹುದಾದ ಅಂಶಗಳು ನಿಜಕ್ಕೂ ಅಷ್ಟು ಮುಖ್ಯವಾಗಿದ್ದರೆ ಅವುಗಳನ್ನು ತಿದ್ದಿದ ಪ್ರಯೋಗಗಳು ಏಕೆ ಸಾಲುಸಾಲಾಗಿ ಸೋತವು? 2005ರಲ್ಲಿ 1,033 ರೋಗಿಗಳ ಸ್ಟಿಚ್ ಪ್ರಯೋಗ ತಲೆ ತೆರೆದು ಗಡ್ಡೆ ತೆಗೆದರೂ ಒಟ್ಟಾರೆ ಪ್ರಯೋಜನ ಇಲ್ಲವೆಂದಿತು. 2008ರಲ್ಲಿ ಹೆಪ್ಪುಗಟ್ಟುವ ಏಳನೆಯ ಅಂಶದ ಚುಚ್ಚುಮದ್ದು ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು, ಆದರೆ ಬದುಕನ್ನು ಉತ್ತಮಪಡಿಸಲಿಲ್ಲ. 2018ರಲ್ಲಿ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಕಥೆಯೂ ಹೆಚ್ಚುಕಡಿಮೆ ಅದೇ. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಆದರೆ ಅದರ ಹಿಂದೆ ಒಂದು ಊಹೆ ಅಡಗಿದೆ: ಒಂದು ಅಂಶವನ್ನು ಮಾತ್ರ ಹಿಡಿದು, ಉಳಿದದ್ದನ್ನು ಹಾಗೇ ಬಿಟ್ಟರೂ ಫಲಿತಾಂಶ ಬದಲಾಗಬೇಕು ಎಂಬುದು. ರೋಗಿಯ ದೇಹದಲ್ಲಿ ಈ ಅಂಶಗಳು ಒಂದರ ಮೇಲೊಂದು ಕೆಲಸ ಮಾಡುತ್ತವೆ. ಗಡ್ಡೆಯ ಬೆಳವಣಿಗೆ ನಿಂತ ರೋಗಿ ಐದನೆಯ ದಿನ ನ್ಯುಮೋನಿಯಾದಿಂದ ಸತ್ತರೆ ಮೊದಲ ದಿನದ ಗೆಲುವು ಲೆಕ್ಕದಲ್ಲಿ ಕಾಣುವುದಿಲ್ಲ. ಈ ಊಹೆಯನ್ನು ನೇರವಾಗಿ ಪರೀಕ್ಷಿಸಿದ್ದು 2023ರಲ್ಲಿ ಪ್ರಕಟವಾದ ಇಂಟರಾಕ್ಟ್-3. ಭಾರತ, ಚೀನಾ, ಪಾಕಿಸ್ತಾನ, ಶ್ರೀಲಂಕಾ, ನೈಜೀರಿಯಾ, ಬ್ರೆಜಿಲ್ ಸೇರಿದಂತೆ ಹತ್ತು ದೇಶಗಳ 121 ಆಸ್ಪತ್ರೆಗಳು, 7,036 ರೋಗಿಗಳು. ನಾಲ್ಕು ಕೆಲಸಗಳನ್ನು ಕಟ್ಟಿ ಒಟ್ಟಿಗೆ ಮಾಡಿದರು: ಗಂಟೆಯೊಳಗೆ ಬಿ.ಪಿ.ಯನ್ನು 140ಕ್ಕಿಂತ ಕೆಳಗಿಳಿಸುವುದು, ಸಕ್ಕರೆಯನ್ನು ಹತೋಟಿಗೆ ತರುವುದು, ಮೈ ಬಿಸಿಯನ್ನು 37.5 ಡಿಗ್ರಿ ಮೀರಗೊಡದಿರುವುದು, ವಾರ್ಫರಿನ್ ಪ್ರಭಾವವನ್ನು ಗಂಟೆಯೊಳಗೆ ಅಳಿಸುವುದು. ಕೆಟ್ಟ ಫಲಿತಾಂಶದ ಸಂಭವ ಸುಮಾರು ಶೇ. 14ರಷ್ಟು ತಗ್ಗಿತು, ಸಾವೂ ಕಡಿಮೆಯಾಯಿತು. ಈ ನಾಲ್ಕರಲ್ಲಿ ಹೊಸ ಔಷಧ ಒಂದೂ ಇಲ್ಲ. ಮರುವರ್ಷ ಚೀನಾದಲ್ಲಿ ಆಂಬುಲೆನ್ಸಿನೊಳಗೇ ಬಿ.ಪಿ. ಇಳಿಸಿ ನೋಡಿದ ಇಂಟರಾಕ್ಟ್-4 ಇನ್ನೂ ಒಂದು ಸೂಕ್ಷ್ಮ ತೋರಿಸಿತು. ರಕ್ತಸ್ರಾವ ಆದವರಿಗೆ ಅದರಿಂದ ಲಾಭವಾಯಿತು, ನಾಳ ಕಟ್ಟಿಕೊಂಡವರಿಗೆ ಹಾನಿಯಾಯಿತು. ಸ್ಕ್ಯಾನ್ ಆಗದೆ ಎರಡನ್ನೂ ಬೇರ್ಪಡಿಸಲು ಬರುವುದಿಲ್ಲವಾದ್ದರಿಂದ ಒಟ್ಟು ಲೆಕ್ಕ ಸಮವಾಗಿಬಿಟ್ಟಿತು. ಸ್ಕ್ಯಾನ್ ಯಂತ್ರ ದೂರವಿರುವುದೂ ಅಪಾಯಾಂಶವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಶಸ್ತ್ರಚಿಕಿತ್ಸೆಯ ವಿಷಯದಲ್ಲೂ ಚಿತ್ರ ಬದಲಾಗಿದೆ. 2024ರಲ್ಲಿ 300 ರೋಗಿಗಳ ಎನ್‌ರಿಚ್ ಪ್ರಯೋಗ, ಹೊರ ಹಾಲೆಗಳ ಗಡ್ಡೆಯನ್ನು 24 ಗಂಟೆಯೊಳಗೆ ಸಣ್ಣ ರಂಧ್ರದ ಮೂಲಕ ತೆಗೆದರೆ ಚೇತರಿಕೆ ಉತ್ತಮ ಎಂದು ತೋರಿಸಿತು. ಆಳದ ಗಡ್ಡೆಗಳಿಗೆ ಆ ಮಾತು ಅನ್ವಯಿಸಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮ. ಜ್ವರ, ಏರಿದ ಸಕ್ಕರೆ, ಎಂಜಲು ಶ್ವಾಸಕೋಶಕ್ಕೆ ಇಳಿಯುವುದು ಇವೆಲ್ಲ ದೊಡ್ಡ ಸ್ರಾವದ ಗುರುತುಗಳೇ ಹೊರತು ಕೆಡುಕಿನ ಕಾರಣಗಳಲ್ಲ. ಗುರುತನ್ನು ಅಳಿಸಿದರೆ ಕಾಯಿಲೆ ಅಳಿಯುವುದಿಲ್ಲ. ಇದರಲ್ಲಿ ಸತ್ಯವಿದೆ. ದೊಡ್ಡ ಗಡ್ಡೆಯಿದ್ದವರಲ್ಲಿ ಜ್ವರ ಹೆಚ್ಚು, ಸಕ್ಕರೆಯನ್ನು ಇನ್ಸುಲಿನ್‌ನಿಂದ ತೀರಾ ಬಿಗಿಯಾಗಿ ಹಿಡಿದಾಗ ಅದು ಅಪಾಯಕರವಾಗಿ ಕುಸಿದದ್ದೂ ಉಂಟು. ಆದರೂ ಗುರುತು ಮಾತ್ರವಾಗಿದ್ದರೆ ಅವುಗಳ ಆರೈಕೆಯಿಂದ ಫಲಿತಾಂಶ ಬದಲಾಗಬಾರದಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಲಕ್ವ ಘಟಕಗಳಲ್ಲಿ ದಾದಿಯರಿಗೆ ಮೂರು ವಿಷಯಗಳಲ್ಲಿ ತರಬೇತಿ ಕೊಟ್ಟರು: ಜ್ವರ, ಸಕ್ಕರೆ, ನುಂಗುವ ಶಕ್ತಿ. 2011ರಲ್ಲಿ ಬಂದ ಫಲಿತಾಂಶದಲ್ಲಿ 90 ದಿನದ ಹೊತ್ತಿಗೆ ಸತ್ತವರು ಅಥವಾ ಪರಾಧೀನರಾದವರು ತರಬೇತಿಯ ಘಟಕಗಳಲ್ಲಿ ಶೇ. 42, ಉಳಿದ ಘಟಕಗಳಲ್ಲಿ ಶೇ. 58. ಅಲ್ಲಿದ್ದವರೆಲ್ಲ ರಕ್ತಸ್ರಾವದ ರೋಗಿಗಳಲ್ಲ, ನಾಳ ಕಟ್ಟಿಕೊಂಡವರೇ ಹೆಚ್ಚು. ಆದರೆ ನುಂಗಲಾರದ ಬಾಯಿಗೆ ನೀರು ಹಾಕಿದರೆ ಆಗುವ ಅನಾಹುತ ಇಬ್ಬರಲ್ಲೂ ಒಂದೇ. ಅರೆಪ್ರಜ್ಞೆಯಲ್ಲಿ ಮಲಗಿದವರಿಗೆ ಮಮತೆಯಿಂದ ಎಳನೀರನ್ನೋ ಗಂಜಿಯನ್ನೋ ಕುಡಿಸುವುದು ನಮ್ಮಲ್ಲಿ ಸಾಮಾನ್ಯ. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ಏನನ್ನೂ ಹಾಕಬಾರದೆಂಬ ಒಂದು ಮಾತು ಮನೆಯವರಿಗೆ ಮೊದಲ ಗಂಟೆಯಲ್ಲೇ ತಲುಪಬೇಕು. ಸದುದ್ದೇಶದ ಚಿಕಿತ್ಸೆಯೂ ತೊಡಕು ತರಬಲ್ಲದೆಂಬುದಕ್ಕೆ ಇನ್ನೊಂದು ಉದಾಹರಣೆ ಸ್ಟೆರಾಯ್ಡ್. ಊತ ಇಳಿಸಲೆಂದು ಕೊಡುತ್ತಿದ್ದ ಡೆಕ್ಸಾಮೆಥಸೋನನ್ನು ಥಾಯ್ಲೆಂಡಿನ ವೈದ್ಯರು 1987ರಲ್ಲಿ ಪರೀಕ್ಷಿಸಿದಾಗ ಪ್ರಾಣ ಉಳಿಯಲಿಲ್ಲ, ಸೋಂಕು ಮತ್ತು ಸಕ್ಕರೆಯ ತೊಂದರೆ ಏರಿದವು; ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಕಾಲಿನ ಸಿರೆಗಳಲ್ಲಿ ರಕ್ತ ಕಟ್ಟಿಕೊಂಡು ಶ್ವಾಸಕೋಶಕ್ಕೆ ಹೋಗುವ ತೊಡಕನ್ನು ತಡೆಯಲು ಬಿಗಿ ಕಾಲುಚೀಲ ಉಪಯೋಗಕ್ಕೆ ಬರಲಿಲ್ಲ, ಆಗಾಗ ಗಾಳಿ ತುಂಬಿ ಕಾಲನ್ನು ಒತ್ತುವ ಪಟ್ಟಿಗಳು ಬಂದವು. 2013ರ ಪ್ರಯೋಗವೊಂದರಲ್ಲಿ ಅವು ಕಾಲಿನ ಸಿರೆಗಳಲ್ಲಿ ರಕ್ತ ಕಟ್ಟಿಕೊಳ್ಳುವುದನ್ನು ಶೇ. 12ರಿಂದ ಶೇ. 8.5ಕ್ಕೆ ಇಳಿಸಿದವು.

ಕೆಲವು ತೊಡಕುಗಳು ಜಾಗದಿಂದಲೇ ಹುಟ್ಟುತ್ತವೆ. ಕುಹರಗಳಿಗೆ ರಕ್ತ ಇಳಿದು ಮಿದುಳುದ್ರವ ಹರಿಯದೆ ನಿಂತರೆ ಎಚ್ಚರ ತಪ್ಪುತ್ತ ಹೋಗುತ್ತದೆ, ನಳಿಕೆ ಹಾಕಿ ದ್ರವ ಹೊರತೆಗೆಯಬೇಕಾಗುತ್ತದೆ. ಕಿರುಮಿದುಳಿನಲ್ಲಿ ಮೂರು ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ ಮಿದುಳುಕಾಂಡವನ್ನು ಒತ್ತುವುದರಿಂದ ಅಲ್ಲಿ ಶಸ್ತ್ರಚಿಕಿತ್ಸೆಗೆ ತಡಮಾಡುವಂತಿಲ್ಲ. ಹೊರ ಹಾಲೆಗಳ ಸ್ರಾವದಲ್ಲಿ ಫಿಟ್ಸ್ ಹೆಚ್ಚು. ಆದರೆ ಫಿಟ್ಸ್ ಬಾರದಿದ್ದವರಿಗೆ ಮುನ್ನೆಚ್ಚರಿಕೆಯೆಂದು ಫೆನಿಟಾಯಿನ್ ಕೊಡುವುದನ್ನು ಮಾರ್ಗಸೂಚಿಗಳು ಒಪ್ಪುವುದಿಲ್ಲ.

ತಿದ್ದಬಹುದಾದ ಅಂಶಗಳಲ್ಲಿ ಕೊನೆಯದು ಯಾವ ಸ್ಕ್ಯಾನಿನಲ್ಲೂ ಕಾಣದು: ಆಸೆ ಬಿಟ್ಟುಬಿಡುವುದು. ಸಿಯಾಟಲಿನ ಕೈರಾ ಬೆಕರ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದು, ದೊಡ್ಡ ಸ್ರಾವದಲ್ಲಿ ಸಾವನ್ನು ಎಲ್ಲಕ್ಕಿಂತ ಚೆನ್ನಾಗಿ ಮುನ್ಸೂಚಿಸುತ್ತಿದ್ದದ್ದು ಚಿಕಿತ್ಸೆಯನ್ನು ಹಿಂತೆಗೆದುಕೊಂಡ ತೀರ್ಮಾನ. ಬದುಕುವುದಿಲ್ಲ ಎಂದುಕೊಂಡು ಚಿಕಿತ್ಸೆ ನಿಲ್ಲಿಸುತ್ತಾರೆ. ನಿಲ್ಲಿಸಿದ್ದರಿಂದ ರೋಗಿ ಸಾಯುತ್ತಾರೆ. ಆ ಸಾವು ಮುಂದಿನ ಅಂಕಪಟ್ಟಿಗೆ ಸೇರಿ, ಇಂಥವರು ಬದುಕುವುದಿಲ್ಲ ಎಂಬ ಮಾತಿಗೆ ಪುರಾವೆಯಾಗುತ್ತದೆ. ಮೇಲೆ ಹೇಳಿದ ಶೇ. 72, ಶೇ. 91ರಂಥ ಅಂಕಿಗಳೊಳಗೆ ಈ ಸುತ್ತಿನ ಪಾಲೂ ಇದೆ ಎಂಬುದನ್ನು ನೆನಪಿಟ್ಟು ಅವುಗಳನ್ನು ಓದಬೇಕು. ಆರಂಭದಲ್ಲೇ ‘ಪುನಶ್ಚೇತನ ಬೇಡ’ ಎಂದು ಬರೆಯುವ ರೂಢಿ ಹೆಚ್ಚಿರುವ ಆಸ್ಪತ್ರೆಗಳಲ್ಲಿ, ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಸಾವು ಹೆಚ್ಚೆಂದು ನಂತರದ ಅಧ್ಯಯನಗಳು ಕಂಡವು. ಹೀಗಾಗಿ ಅಮೆರಿಕನ್ ಮಾರ್ಗಸೂಚಿ ಅಂಥ ಹೊಸ ತೀರ್ಮಾನವನ್ನು ದಾಖಲಾದ ಎರಡನೆಯ ಪೂರ್ಣ ದಿನದವರೆಗಾದರೂ ಮುಂದೂಡಲು ಹೇಳುತ್ತದೆ. ಇದಕ್ಕೆ ಎದುರಾಗುವ ಮಾತು ಗಂಭೀರವಾದದ್ದು. ಉಳಿಸುವುದೆಂದರೆ ಎಂಥ ಬದುಕಿಗೆ? ಕುಹರದ ರಕ್ತವನ್ನು ಔಷಧದಿಂದ ಕರಗಿಸಿದ 2017ರ ಕ್ಲಿಯರ್-3 ಪ್ರಯೋಗದಲ್ಲಿ ಆರು ತಿಂಗಳ ಸಾವು ಶೇ. 29ರಿಂದ ಶೇ. 18ಕ್ಕೆ ಇಳಿಯಿತು, ಆದರೆ ಸ್ವತಂತ್ರವಾಗಿ ಬದುಕುವವರ ಸಂಖ್ಯೆ ಗಮನಾರ್ಹವಾಗಿ ಹೆಚ್ಚಲಿಲ್ಲ. ಆಸ್ಪತ್ರೆಯ ಬಿಲ್ಲು ಕಟ್ಟಲು ಜಮೀನು ಮಾರುವ ಮನೆಗೆ, ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸರಿಗೆ, ಈ ಪ್ರಶ್ನೆ ಕೇಳುವ ಹಕ್ಕು ಪೂರ್ತಿ ಇದೆ. ಮಾರ್ಗಸೂಚಿ ಆ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ರೋಗಿ ಮೊದಲೇ ಹೇಳಿಟ್ಟ ಇಚ್ಛೆ ಇದ್ದರೆ ಅದಕ್ಕೇ ಮೊದಲ ಮನ್ನಣೆ. ಅದು ಕೇಳುವುದು ಎರಡು ದಿನದ ಕಾಲಾವಕಾಶ, ಏಕೆಂದರೆ ಮೊದಲ ರಾತ್ರಿಯ ಸ್ಕ್ಯಾನಿಗಿಂತ ಎರಡು ದಿನದ ಪೂರ್ಣ ಚಿಕಿತ್ಸೆಯ ನಂತರದ ರೋಗಿ ಭವಿಷ್ಯದ ಬಗ್ಗೆ ಹೆಚ್ಚು ಹೇಳುತ್ತಾರೆ. ಆ ನಂತರ ಮನೆಯವರು ಯಾವ ಕಡೆ ನಿರ್ಧರಿಸಿದರೂ ಅದು ತಿಳಿದು ಮಾಡಿದ ನಿರ್ಧಾರವಾಗಿರುತ್ತದೆ.

ಎಲ್ಲ ಸ್ರಾವಕ್ಕೂ ಒಂದೇ ಲೆಕ್ಕ ನಡೆಯದು ಎಂಬುದನ್ನು ಇನ್ನೆರಡು ಬಗೆಗಳಿಂದ ತಿಳಿಯಬಹುದು. ಅಪಧಮನಿಯ ಉಬ್ಬು ಒಡೆದು ಮಿದುಳಿನ ಪೊರೆಯ ಕೆಳಗೆ ಆಗುವ ಸ್ರಾವದಲ್ಲಿ ಮೊದಲ 24 ಗಂಟೆಯ ಭಯ ಅದೇ ಉಬ್ಬು ಮತ್ತೆ ಒಡೆಯುವುದು. ನಾಲ್ಕನೆಯ ದಿನದಿಂದ ಸುಮಾರು ಹದಿನಾಲ್ಕನೆಯ ದಿನದವರೆಗಿನ ಭಯ ನಾಳಗಳು ಸೆಡೆತು ಮಿದುಳಿಗೆ ರಕ್ತ ನಿಲ್ಲುವುದು. ಸ್ಕ್ಯಾನಿನಲ್ಲಿ ರಕ್ತದ ಪದರ ದಪ್ಪವಾಗಿದ್ದಷ್ಟೂ ಸೆಡೆತ ಹೆಚ್ಚೆಂದು 1980ರಲ್ಲಿ ಮಿಲ್ಲರ್ ಫಿಶರ್ ಬಳಗವೇ ತೋರಿಸಿತು. 21 ದಿನ ನಿಮೋಡಿಪಿನ್ ಮಾತ್ರೆ ಕೊಡುವುದು ಅಲ್ಲಿ ರೂಢಿ. ಆ ರೋಗಿಗಳ ಸೋಡಿಯಂ ಇಳಿದಾಗ ಬೇರೆಡೆ ಮಾಡುವಂತೆ ನೀರು ಕಡಿಮೆ ಮಾಡಿದರೆ ಮಿದುಳಿಗೆ ರಕ್ತ ಇನ್ನಷ್ಟು ಕಡಿಮೆಯಾಗಿ ಹಾನಿಯಾಗುತ್ತದೆ. ಎರಡನೆಯ ಬಗೆ ಮಿದುಳಿನ ಸಿರೆಗಳಲ್ಲಿ ರಕ್ತ ಕಟ್ಟಿಕೊಂಡು, ಹಿಂದೆ ಒತ್ತಡ ಏರಿ ಆಗುವ ಸ್ರಾವ. ಭಾರತದಲ್ಲಿ ಇದು ಬಾಣಂತಿಯರಲ್ಲಿ ಹೆಚ್ಚಾಗಿ ಕಂಡದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಅಧ್ಯಯನದಲ್ಲಿ ದೀರ್ಘಕಾಲ ತೊಡಗಿದೆ. ಹೆರಿಗೆಯ ನಂತರ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವಂತಿರುತ್ತದೆ. ಬಾಣಂತಿಗೆ ಹೆಚ್ಚು ನೀರು ಕೊಡಬಾರದೆಂಬ ಕರ್ನಾಟಕದ ಹಲವು ಕಡೆಯ ರೂಢಿ ಅದಕ್ಕೆ ನೀರಿನ ಕೊರತೆಯನ್ನು ಸೇರಿಸುತ್ತದೆ, ರಕ್ತಹೀನತೆಯೂ ಜೊತೆಯಾಗುತ್ತದೆ. ಇಲ್ಲಿ ಸ್ಕ್ಯಾನಿನಲ್ಲಿ ಸ್ರಾವ ಕಂಡರೂ ಹೆಪ್ಪು ತಡೆಯುವ ಹೆಪಾರಿನನ್ನೇ ಕೊಡಬೇಕು. 1991ರಲ್ಲಿ ಜರ್ಮನಿಯ ಒಂದು ಸಣ್ಣ ಪ್ರಯೋಗ ಇದಕ್ಕೆ ಬುನಾದಿ ಹಾಕಿತು, ನಂತರದ ಅನುಭವ ಅದನ್ನು ಗಟ್ಟಿ ಮಾಡಿದೆ. ತಲೆನೋವು, ಫಿಟ್ಸ್ ಬಂದ ಬಾಣಂತಿಯ ಸ್ಕ್ಯಾನಿನಲ್ಲಿ ರಕ್ತ ಕಂಡ ಕೂಡಲೇ ಹೆಪಾರಿನ್ ನಿಷಿದ್ಧ ಎಂದು ಭಾವಿಸುವುದು ಅವಳ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ.

ಬದುಕುಳಿದು ಮನೆಗೆ ಹೋದವರ ಮುಂದಿನ ತೊಡಕು ಮರುಸ್ರಾವ. ಹೊರ ಹಾಲೆಯ ಸ್ರಾವ, ಹೆಚ್ಚಿದ ವಯಸ್ಸು, ಎಂ.ಆರ್.ಐ.ನಲ್ಲಿ ಕಾಣುವ ಹಳೆಯ ಸೂಕ್ಷ್ಮ ಸ್ರಾವದ ಚುಕ್ಕೆಗಳು, ಅಪೋಲಿಪೋಪ್ರೋಟೀನ್-ಇ ವಂಶವಾಹಿಯ ಎರಡನೆಯ ಮತ್ತು ನಾಲ್ಕನೆಯ ರೂಪಗಳು ಅದನ್ನು ಹೆಚ್ಚಿಸುತ್ತವೆ. ಇವುಗಳಲ್ಲಿ ಯಾವುದನ್ನೂ ಬದಲಿಸಲಾಗದು. ಬದಲಿಸಬಹುದಾದದ್ದು ಮತ್ತೆ ಬಿ.ಪಿ.ಯೇ: 6,105 ಮಂದಿಯನ್ನು ಒಳಗೊಂಡು 2001ರಲ್ಲಿ ಪ್ರಕಟವಾದ ಪ್ರೋಗ್ರೆಸ್ ಪ್ರಯೋಗದಲ್ಲಿ ಪೆರಿಂಡೊಪ್ರಿಲ್ ಎಂಬ ಬಿ.ಪಿ. ಮಾತ್ರೆಯನ್ನು ಆಧರಿಸಿದ ಚಿಕಿತ್ಸೆ ಮಿದುಳಿನ ರಕ್ತಸ್ರಾವವನ್ನು ಅರ್ಧಕ್ಕೆ ಇಳಿಸಿತು. ಬಿ.ಪಿ.ಯನ್ನು 130/80ರ ಆಸುಪಾಸಿಗೆ ತರುವುದು ಈಗಿನ ಗುರಿ. ಕುಡಿತ, ತಂಬಾಕು ಬಿಡುವುದು ಜೊತೆಗೆ. ಹೃದಯದ ಕಾಯಿಲೆ ಇದ್ದವರು ಆಸ್ಪಿರಿನ್ ಬಗೆಯ ಔಷಧವನ್ನು ಮತ್ತೆ ಶುರು ಮಾಡಬಹುದೇ ಎಂಬ ಪ್ರಶ್ನೆಗೆ ಬ್ರಿಟನ್ನಿನ 537 ರೋಗಿಗಳ ರೀಸ್ಟಾರ್ಟ್ ಪ್ರಯೋಗ 2019ರಲ್ಲಿ ಉತ್ತರಿಸಿತು: ಮತ್ತೆ ಶುರು ಮಾಡಿದವರಲ್ಲಿ ಮರುಸ್ರಾವ ಶೇ. 4, ಮಾಡದವರಲ್ಲಿ ಶೇ. 9. ಆಸ್ಪಿರಿನ್ ಮರುಸ್ರಾವವನ್ನು ತಡೆಯುತ್ತದೆ ಎನ್ನುವಷ್ಟು ಇದು ಗಟ್ಟಿ ಪುರಾವೆಯಲ್ಲ, ಆದರೆ ಅಗತ್ಯವಿದ್ದವರಿಗೆ ಅದನ್ನು ನಿರಾಕರಿಸಲು ಕಾರಣ ಉಳಿದಿಲ್ಲ. ಹೃದಯದ ಲಯ ತಪ್ಪಿ ವಾರ್ಫರಿನ್ ಬಗೆಯ ಔಷಧ ಬೇಕಾದವರ ವಿಷಯ ಇಷ್ಟು ಸರಳವಲ್ಲ. ಅಲ್ಲಿ ಸ್ರಾವ ಆಳದ್ದೋ ಹೊರ ಹಾಲೆಯದ್ದೋ ಎಂಬುದನ್ನು ನೋಡಿ, ಅಮಿಲಾಯ್ಡ್ ಶಂಕೆಯಿದ್ದರೆ ಆದಷ್ಟು ಬಿಟ್ಟು, ಒಬ್ಬೊಬ್ಬ ರೋಗಿಗೂ ಬೇರೆಯಾಗಿ ತೀರ್ಮಾನಿಸುತ್ತಾರೆ.